ಮುಳ್ಳು ಹಾರುತ್ತಿದ್ದ ಜಾಗ

ಇಂಜಿನ್ನಿನ ಬೇರಿಂಗು ಸವೆದಿದೆಯೋ ಇಲ್ಲವೋ ತಿಳಿಯೋಕೆ ನಾವು ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೊತ್ತಿ, ಹಿಡಿಯನ್ನು ಕಿವಿಗಿಟ್ಟುಕೊಳ್ಳುತ್ತೇವೆ. ಒಳಗಿನ ಸಂಕಟವೆಲ್ಲ ಕಬ್ಬಿಣದ ಮೂಲಕ ನೇರ ತಲೆಗೆ ಬರುತ್ತದೆ. ಅರವತ್ತರ ದಶಕದ ಶುರುವಿನಲ್ಲಿ ತುಮಕೂರಿನ ಒಂದು ರೇಡಿಯೊ ಅಂಗಡಿಯಲ್ಲಿ, ರೆಕಾರ್ಡ್ ಪ್ಲೇಯರಿಗೆ ನಾನು ಹಾಗೆ ಕಿವಿಗೊಟ್ಟು ನಿಂತಿದ್ದನ್ನು ಕಂಡು ಅಂಗಡಿಯವರು ನಕ್ಕರು.

"ಏನ್ ಯಜಮಾನ್ರೇ, ಜ್ವರ ಗಿರ ಬಂದೈತಾ ಅದಕ್ಕೆ?"

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಗುಬ್ಬಿ ಸುತ್ತಿನ ತೋಟಗಳಲ್ಲಿ ನಾನು ಕೂರಿಸಿದ ಪಂಪ್‌ಸೆಟ್ಟಿನ ಮೇಲೆ ತುಂಬಿದ ಲೋಟ ಇಟ್ಟರೂ ನೀರು ತುಳುಕುತ್ತಿರಲಿಲ್ಲ. ಅಂಥವನಿಗೆ ಅಂಗಡಿಯವರು ಮೊದಲು ತೋರಿಸಿದ ಎರಡು ಮಿಷನ್ನುಗಳೂ ಆಟದ ಸಾಮಾನಿನ ಹಾಗೆ ಕಂಡವು. ಒಂದರ ತಟ್ಟೆ ತಿರುಗುವಾಗ ಒಲೆದಾಡುತ್ತಿತ್ತು, ಇನ್ನೊಂದರ ಬೇರಿಂಗು ಗೊರಗೊರ ಅನ್ನುತ್ತಿತ್ತು. ಮೂರನೆಯದು ಫಾರಿನ್ನಿನದು. ಎರಡು ದೋಸೆ ಕಾವಲಿ ಸೇರಿಸಿದಷ್ಟು ದಪ್ಪದ ತಟ್ಟೆ. ಕರೆಂಟು ತೆಗೆದ ಮೇಲೂ, ನಿಲ್ಲೋದೇ ಮರೆತುಹೋದ ಹಾಗೆ ಸುತ್ತುತ್ತಿತ್ತು. ಸ್ಕ್ರೂಡ್ರೈವರು ಒತ್ತಿದರೆ ಏನೂ ಕೇಳಿಸಲಿಲ್ಲ, ಒಣಬಾವಿಗೆ ಕಿವಿಗೊಟ್ಟ ಹಾಗಿತ್ತು. ಅದನ್ನೇ ಕೊಂಡೆ. ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಗುಬ್ಬಿಗೆ ತಂದೆ.

ಗುಬ್ಬಿಯಲ್ಲಿ ಒಂದು ಹಳೇ ಮನೆ ಕೊಂಡು ಆಗಿನ್ನೂ ಆರು ತಿಂಗಳಾಗಿತ್ತು. ನಡುಮನೆಯಲ್ಲಿ ಮೇಜು ಹಾಕಿ, ಮಿಷನ್ನನ್ನು ರೇಡಿಯೊಗೆ ಜೋಡಿಸಿ ನಾಗಸ್ವರದ ಒಂದು ರೆಕಾರ್ಡು ಇಟ್ಟೆ. ಹೆಂಡತಿ ಕಾಫಿ ಹಿಡಿದು ಅಡಿಗೆಮನೆಯಿಂದ ಬಂದಳು. ಬಾಗಿಲು ದಾಟಿ ಮೂರನೇ ಹೆಜ್ಜೆ ಇಟ್ಟಳು ನೋಡಿ, ರೆಕಾರ್ಡಿನ ಮೇಲಿನ ಮುಳ್ಳು ಹಾರಿತು. ವಾಪಸ್ಸು ಹೋಗುವಾಗಲೂ ಅಲ್ಲೇ ಹಾರಿತು. ನಾನು ನಡೆದರೆ ಒಂದೊಂದು ಸಲ ಹಾರುತ್ತಿತ್ತು. ಅವಳು ಬಸುರಿ, ಐದು ತಿಂಗಳು. ಹೆಜ್ಜೆ ಭಾರವಾಗಿದೆ ಅಂದುಕೊಂಡೆ.

ಆ ಜಾಗದಲ್ಲಿ ಕಾಲಿಟ್ಟರೆ ಡಮ್ ಅಂತದೆ ಅಂತ ಅವಳು ಎರಡು ಸಲ ಹೇಳಿದಳು. ಅಲ್ಲಿ ಗಾರೆ ನೆಲಕ್ಕೆ ಕೂದಲೆಳೆಯಂಥ ಬಿರುಕಿತ್ತು. ಸಿಮೆಂಟು ಮೆತ್ತಿ, ತುದಿಗಾಲಲ್ಲಿ ನಡಿ ಅಂದೆ. ಬಸುರಿನ ಹೊಟ್ಟೆ ಹೊತ್ತುಕೊಂಡು ಅವಳು ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ಓಡಾಡಿದಳು. ವಾರದೊಳಗೆ ಸಿಮೆಂಟು ಮತ್ತೆ ಬಿರುಕು ಬಿಟ್ಟಿತು.

ಆಗ ಮಗಳನ್ನು ನೋಡಲು ಕುಣಿಗಲ್ಲಿನಿಂದ ಮಾವ ಬಂದರು. ನಮ್ಮ ಕಡೆ ಹಳೇ ಮನೆ ಕೊಳ್ಳೋರು ಮೊದಲು ಕೇಳೋದು ಹಗೇವು ಎಲ್ಲಿದೆ ಅಂತ. ರಾಗಿ ತುಂಬಿಡೋಕೆ ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಕಿರಿದು, ಒಳಗೆ ಆಳುದ್ದಕ್ಕೂ ಹೆಚ್ಚು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಮೊದಲು ದೀಪ ಇಳಿಬಿಡಬೇಕು, ದೀಪ ಆರಿದರೆ ಮನುಷ್ಯ ಇಳಿಯಬಾರದು. ಮಾವನೂ ಹಗೇವು ಎಲ್ಲಿದೆ ಅಂತಲೇ ಕೇಳಿದರು. ಹಿತ್ತಲಲ್ಲಿತ್ತಂತೆ, ಮಾರಿದವರೇ ಮಣ್ಣು ತುಂಬಿಸಿ ತೋರಿಸಿದ್ದಾರೆ ಅಂದೆ.

ಅವರು ಊರುಗೋಲಿನಿಂದ ನಡುಮನೆಯನ್ನು ಕುಟ್ಟುತ್ತಾ ಹೋದರು. "ಹಿತ್ಲಲ್ಲಿರೋದು ಊರಿಗೆ ತೋರ್ಸೋಕೆ ಅಳಿಯಂದ್ರೇ. ಕಾಳು ಜಾಸ್ತಿ ಇದ್ದೋರು ಮನೆಯೊಳಗೊಂದು ಬಚ್ಚಿಟ್ಟಿರ್ತಾರೆ. ಅಗೆಸಿ ನೋಡಿ."

ಇಂಜಿನ್ನಿಗೆ ಬುಡ ಹಾಕೋನಿಗೆ ನೆಲದ ಪಾಠ ಬೇಡ ಮಾವ, ಅಂದುಬಿಟ್ಟೆ. ಅವರು ಊಟ ಮಾಡದೆ ಸಾಯಂಕಾಲದ ಬಸ್ಸಿಗೆ ಹೊರಟರು.

ನಾನು ಅಗೆಸಲಿಲ್ಲ. ಮಿಷನ್ನಿಗೆ ನೆಲದ ನಡುಕ ತಾಗದ ಹಾಗೆ ಮಾಡೋದರಲ್ಲಿ ಬಿದ್ದೆ. ಮೇಜಿನ ಕಾಲಡಿಗೆ ಸೈಕಲ್ ಟ್ಯೂಬು ಮಡಿಸಿಟ್ಟೆ, ಸಾಲಲಿಲ್ಲ. ಅಗಲದ ಹರಿವಾಣದಲ್ಲಿ ಜರಡಿ ಹಿಡಿದ ಮರಳು ತುಂಬಿ ಅದರ ಮೇಲೆ ಮಿಷನ್ನು ಕೂರಿಸಿದೆ; ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಕೊನೆಗೆ ಮೇಜನ್ನೇ ತೆಗೆದೆ. ಎರಡು ಅಡಿ ದಪ್ಪದ ಮಣ್ಣುಗೋಡೆ ಕೊರೆದು, ಕಲ್ಲುಚಪ್ಪಡಿ ಸಿಕ್ಕಿಸಿ, ಅದರ ಮೇಲೆ ಮರಳು, ಮರಳಿನ ಮೇಲೆ ಹಲಗೆ, ಹಲಗೆ ಮೇಲೆ ಮಿಷನ್ನು. ಹೆಂಡತಿಯನ್ನು ಆ ಜಾಗದಲ್ಲಿ ನಿಲ್ಲಿಸಿ ಕುಣಿ ಅಂದೆ. ಅವಳು ಹೊಟ್ಟೆ ಹಿಡಿದುಕೊಂಡು, ನನ್ನ ಮುಖ ನೋಡದೆ, ಎರಡು ಸಲ ಕಾಲು ಕುಟ್ಟಿದಳು. ಮುಳ್ಳು ಮಿಸುಕಲಿಲ್ಲ.

"ಈಗ ಹೆಂಗ್ ಬೇಕಾದ್ರೂ ನಡಿ," ಅಂದೆ.

ಅದಾಗಿ ಹತ್ತು ಹನ್ನೆರಡು ದಿನ. ಭಾನುವಾರ ಮಧ್ಯಾಹ್ನ, ಗೋಡೆಗೆ ಮುಖ ಮಾಡಿ ಕೂತು ಅದೇ ನಾಗಸ್ವರ ಕೇಳುತ್ತಿದ್ದೆ. ಸುಖವಾಗಿತ್ತು. ಒಂದು ಸಲ ಜೊತೆಗಿನ ತವಿಲಿನ ಪೆಟ್ಟು ಜೋರಾಯಿತು ಅನ್ನಿಸಿತು, ಅಷ್ಟೆ. ರೆಕಾರ್ಡು ಮುಗಿದು ತಿರುವಿ ಹಾಕಲು ಎದ್ದಾಗ ಹಿಂದೆ ಯಾರೋ ಉಸಿರೆಳೆಯುವ ಸದ್ದು ಕೇಳಿತು.

ಬಾಗಿಲಿನಿಂದ ಮೂರನೇ ಹೆಜ್ಜೆಯಲ್ಲಿ ನೆಲ ಇರಲಿಲ್ಲ. ಹೆಂಡತಿ ಎದೆಮಟ್ಟ ಇಳಿದಿದ್ದಳು. ಎರಡು ಕೈಯನ್ನೂ ಗಾರೆಯ ಅಂಚಿನ ಮೇಲೆ ಚಾಚಿ ಹಿಡಿದಿದ್ದಳು. ಕೂಗೋಕೆ ಉಸಿರಿರಲಿಲ್ಲ. ನನ್ನ ಬೆನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

ನಾನು ಹೊಟ್ಟೆ ಮೇಲೆ ಮಲಗಿ ಅವಳ ಕಂಕುಳಿಗೆ ಕೈ ಹಾಕಿದೆ. ಪಕ್ಕದ ಮನೆಯವರನ್ನು ಕೂಗಿದೆ. ಇಬ್ಬರು ಬಂದು ನನ್ನ ಕಾಲು ಹಿಡಿದು ಹಿಂದಕ್ಕೆ ಎಳೆದರು, ನಾನು ಅವಳನ್ನು ಎಳೆದೆ. ತೂತಿನಿಂದ ಮುಗ್ಗಿದ ರಾಗಿಯ ವಾಸನೆ ಬಂತು. ಗುಂಡಿಯ ಬಾಯಿಗೆ ಅಡ್ಡ ಇಟ್ಟಿದ್ದ ಹಲಗೆಗಳು ಗೆದ್ದಲು ತಿಂದು ಹಪ್ಪಳವಾಗಿದ್ದವು.

ಅವಳನ್ನು ಜಗಲಿಯಲ್ಲಿ ಮಲಗಿಸಿದ ಮೇಲೆ ಲಾಟೀನಿಗೆ ಹಗ್ಗ ಕಟ್ಟಿ ಇಳಿಬಿಟ್ಟೆ. ಎರಡು ಮೊಳ ಇಳಿಯೋದರೊಳಗೆ ದೀಪ ಆರಿತು. ಅವಳ ಕಾಲು ಅದಕ್ಕಿಂತ ಕೆಳಗಿತ್ತು.

ಮಗು ಉಳಿಯಿತು. ಹೆರಿಗೆಗೆ ಕುಣಿಗಲ್ಲಿಗೆ ಹೋದವಳು ಎರಡು ವರ್ಷ ವಾಪಸ್ಸು ಬರಲಿಲ್ಲ. ಕರೆಯೋಕೆ ಹೋದಾಗಲೆಲ್ಲ ಮಾವ ಕಾಫಿ ಕೊಟ್ಟು ಬಸ್ಸು ಹತ್ತಿಸಿದರು. ನಾನು ಆ ಮನೆ ಮಾರಿ, ತುಮಕೂರಿನ ಪಕ್ಕದ ಮರಳೂರಿನಲ್ಲಿ ಸೈಟು ಹಿಡಿದು, ಆಳುದ್ದ ಪಾಯ ತೆಗೆಸಿ, ತಳದ ಬಂಡೆಯನ್ನು ಮಾವನಿಗೇ ತೋರಿಸಿದೆ. ಅವರು ಊರುಗೋಲಿನಿಂದ ಕುಟ್ಟಿ ನೋಡಿದರು. ಆಮೇಲೆ ಮಗಳನ್ನು ಕಳಿಸಿದರು.

ಆ ಮಿಷನ್ನು ಈಗಲೂ ಇದೆ. ಮರಳಿಲ್ಲ, ಟ್ಯೂಬಿಲ್ಲ, ಚಪ್ಪಡಿಯಿಲ್ಲ, ಬರಿಯ ನೆಲದ ಮೇಲೇ ಇಟ್ಟಿದ್ದೇನೆ. ಹಾಡು ಕೇಳುವಾಗ ಬಾಗಿಲಿಗೆ ಮುಖ ಮಾಡಿ ಕೂರುತ್ತೇನೆ. ಅವಳು ಅಡಿಗೆಮನೆಯಿಂದ ಬರುವಾಗ ಇವತ್ತಿಗೂ ಮೂರನೇ ಹೆಜ್ಜೆಗೆ ನಿಂತು, ಕಾಲ ಹೆಬ್ಬೆರಳಿನಿಂದ ನೆಲ ಒತ್ತಿ ನೋಡುತ್ತಾಳೆ. ಆಗ ನಾನು ಮುಳ್ಳನ್ನು ನೋಡುತ್ತೇನೆ.