ಕೆಸರಕ್ಕನ ಹೆಬ್ಬೆರಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಳಿವೆಯ ನೀರು ಇಳಿದು ಕೆಸರಿನ ಬಯಲು ಹೊರಗೆ ಕಾಣುತ್ತಿದೆ. ಬಟ್ಟೆಯನ್ನು ಮೊಣಕಾಲ ಮೇಲಕ್ಕೆ ಬಿಗಿದು ಕಟ್ಟಿದ ಐವತ್ತಾರರ ಹೆಂಗಸೊಬ್ಬರು ಅದರ ಮೇಲೆ ನಡೆಯುತ್ತಿದ್ದಾರೆ. ನಡಿಗೆ ಅಂದರೆ ನಮ್ಮ ನಿಮ್ಮ ನಡಿಗೆಯಲ್ಲ. ಹಿಮ್ಮಡಿಯನ್ನು ಕೆಸರಿನಲ್ಲಿರುವ ಬಿಲದ ಒಂದು ಬಾಯಿಗೆ ಒತ್ತಿ, ಕಾಲ ಹೆಬ್ಬೆರಳನ್ನು ಇನ್ನೊಂದು ಬಾಯಿಯ ಮೇಲಿಟ್ಟು, ಉಸಿರು ಹಿಡಿದು ನಿಲ್ಲುತ್ತಾರೆ. "ನಲವತ್ತೊಂದು!" ಎಂದು ಕೂಗುತ್ತಾರೆ. ದಡದಲ್ಲಿ ಸ್ಟೂಲು ಹಾಕಿಕೊಂಡು ಕೂತ ಗುಮಾಸ್ತರು ಬರೆದುಕೊಳ್ಳುತ್ತಾರೆ. ಹತ್ತಿರದಿಂದ ಫೋಟೊ ತೆಗೆಯುವ ಹುಮ್ಮಸ್ಸಿನಲ್ಲಿ ಎರಡು ಹೆಜ್ಜೆ ಇಟ್ಟ ನಾನು ಮೊಣಕಾಲವರೆಗೆ ಹೂತು, ಇಬ್ಬರ ಕೆಲಸವನ್ನೂ ಹತ್ತು ನಿಮಿಷ ಕೆಡಿಸಿದ್ದೇನೆ.

ಊರವರೆಲ್ಲ ಇವರನ್ನು ಕರೆಯುವುದು ಕೆಸರಕ್ಕ ಎಂದೇ. ಮೀನು ಸಂಶೋಧನಾ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ದಿನಗೂಲಿ. ಇವರು ಎಣಿಸುವುದು ಗೋಬಿ ಜಾತಿಯ ಪುಟ್ಟ ಕೆಸರುಮೀನನ್ನು. ಕಿರುಬೆರಳಿನಷ್ಟು ಉದ್ದ, ಮೈಬಣ್ಣವೂ ಕೆಸರಿನದೇ. ಇದನ್ನು ಹಿಡಿಯುವವರಿಲ್ಲ, ಕೊಳ್ಳುವವರಿಲ್ಲ. ಆದರೆ ಕೆಸರು ಬದುಕಿದೆಯೋ ಸತ್ತಿದೆಯೋ ಎನ್ನುವುದಕ್ಕೆ ಕೇಂದ್ರದವರಿಗೆ ಇದೇ ಸಾಕ್ಷಿ. ಕೋಲು ನೆಟ್ಟು ಗುರುತು ಮಾಡಿದ ಇಪ್ಪತ್ತು ಚೌಕ, ಸುಮಾರು ಇನ್ನೂರು ಬಿಲ, ಎರಡೂವರೆ ಗಂಟೆ ಕೆಲಸ. ನೀರು ಯಾರಪ್ಪನ ಮಾತೂ ಕೇಳುವುದಿಲ್ಲವಾದ್ದರಿಂದ ಕೆಲಸದ ಹೊತ್ತು ದಿನಾ ಮುಕ್ಕಾಲು ಗಂಟೆ ಮುಂದಕ್ಕೆ ಜರುಗುತ್ತದೆ.

"ಏಡಿ ಬಿಲಾನೂ ಹೀಗೇ ಇರತ್ತೆ, ಕಣ್ಣಿಗೆ ಗೊತ್ತಾಗಲ್ಲ. ಅಗೆದು ನೋಡೋ ಹಾಗಿಲ್ಲ, ಪಾಪ, ಅದರ ಮನೆ ಹಾಳಾಗತ್ತೆ. ಹಿಮ್ಮಡಿ ಒತ್ತಿದ್ರೆ ಗಾಬರಿಯಾಗಿ ಇನ್ನೊಂದು ಬಾಗಿಲಿಗೆ ಓಡತ್ತೆ, ಹೆಬ್ಬೆರಳಿಗೆ ತಣ್ಣಗೆ ತಾಗತ್ತೆ. ತಾಗಿದ್ರೆ ಒಂದು. ಅಷ್ಟೇ ನನ್ನ ವಿದ್ಯೆ," ಎನ್ನುತ್ತಾರೆ ಕೆಸರಕ್ಕ.

ಈ ವಿದ್ಯೆ ಕಳೆದ ವರ್ಷ ಹೆಚ್ಚುಕಡಿಮೆ ಮುಳುಗಿಯೇ ಹೋಗಿತ್ತು. ಚಿಪ್ಪು ಕುಯ್ದು ಅಂಗಾಲಿಗೆ ಎಂಟು ಹೊಲಿಗೆ ಬಿದ್ದಾಗ, ಕೇಂದ್ರದ ವಿಜ್ಞಾನಿ ಮೇಡಂ ಮರುಗಿ ಮೊಣಕಾಲುದ್ದದ ರಬ್ಬರ್ ಬೂಟು ತರಿಸಿಕೊಟ್ಟರು. "ಮೂರು ದಿನ ಮನೆಯೊಳಗೂ ಹಾಕ್ಕೊಂಡೇ ಓಡಾಡಿದ್ಲು. ಬಿಚ್ಚೇ ಅಂದ್ರೆ ಕೇಳ್ಬೇಕಲ್ಲ!" ಎಂದು ಹೊಲಿಗೆ ಯಂತ್ರದ ಹಿಂದಿನಿಂದ ನಗುತ್ತಾರೆ ಟೈಲರ್ ಗಂಡ. ಗಾಯ ಮಾಗಿ, ಬೂಟು ಹಾಕಿ ಕೆಸರಿಗಿಳಿದ ಅದೇ ವಾರ, ಹಡಗಿನ ದಾರಿಯ ಹೂಳೆತ್ತುವ ಯಂತ್ರವೂ ಅಳಿವೆಗೆ ಬಂತು. ಮೀನಿನ ಲೆಕ್ಕ ಸೊನ್ನೆಗೆ ಬಿತ್ತು. ಯಂತ್ರದ ಸದ್ದಿಗೇ ಮೀನು ಸತ್ತವು ಎಂದು ಎಲ್ಲರೂ ತೀರ್ಮಾನಿಸಿದರು, ಕೆಸರಕ್ಕ ಕೂಡ.

ಮೂರು ತಿಂಗಳು ಒಂದೇ ಸಮನೆ ಸೊನ್ನೆ ಬಂದರೆ ನಿಯಮದ ಪ್ರಕಾರ ಬಯಲಿಗಿರುವ ಸರ್ಕಾರಿ ರಕ್ಷಣೆ ತಪ್ಪುತ್ತದೆ, ಎತ್ತಿದ ಹೂಳನ್ನೆಲ್ಲ ಅಲ್ಲೇ ಸುರಿಯಬಹುದು. ಎರಡು ತಿಂಗಳು ಇಪ್ಪತ್ತನಾಲ್ಕು ದಿನ ಆಗಿತ್ತು. ಹೂಳು ಸುರಿಯುವವರು ಬಂದು ಹಗ್ಗ ಹಿಡಿದು ಅಳೆದೂ ಹೋಗಿದ್ದರು.

"ನನ್ನ ಬಾಯಿಂದಾನೇ ಸೊನ್ನೆ, ಸೊನ್ನೆ ಅಂತ ಕೂಗ್ಬೇಕಿತ್ತು. ಒಂದೆರಡು ಸುಳ್ಳು ಹೇಳಿಬಿಡ್ಲಾ ಅನ್ನಿಸ್ತಿತ್ತು. ತಾಗ್ದೇ ಇದ್ದಿದ್ದನ್ನ ತಾಗ್ತು ಅಂತ ಹೇಗೆ ಹೇಳೋದು? ಊಟ ಸೇರ್ತಿರ್ಲಿಲ್ಲ."

ಅವರು ಅಳೆದು ಹೋದ ಮಾರನೆಯ ದಿನ ಹದಿಮೂರನೇ ಚೌಕದಲ್ಲಿ ಕೆಸರಕ್ಕನ ಎಡಗಾಲಿನ ಬೂಟು ಕೆಸರಲ್ಲಿ ಸಿಕ್ಕಿಕೊಂಡಿತು. ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. ಆಯ ತಪ್ಪಿ ಬರಿಗಾಲನ್ನೇ ಊರಿದರು.

"'ಒಂದು!' ಅಂತ ಕಿರುಚಿದ್ರು," ಎಂದು ಗುಮಾಸ್ತರು ಈಗಲೂ ಎದೆ ಮುಟ್ಟಿಕೊಳ್ಳುತ್ತಾರೆ. "ಹಾವು ಕಚ್ತೇನೋ ಅಂತ ರಿಜಿಸ್ಟರ್ ಬಿಸಾಕಿ ಎದ್ದೆ. ನೋಡಿದ್ರೆ ಅಕ್ಕ ಇನ್ನೊಂದು ಬೂಟನ್ನೂ ಕಿತ್ತು ಎಸೀತಿದ್ದಾರೆ. ಅಳ್ತಿದ್ದಾರೆ, ನಗ್ತಿದ್ದಾರೆ, ಮಧ್ಯೆ ಎಣಿಸ್ತಾನೂ ಇದ್ದಾರೆ."

ಮೊದಲ ಚೌಕದಿಂದ ಮತ್ತೆ ಶುರುಮಾಡಿ ಎಣಿಸಿದಾಗ ಸಿಕ್ಕಿದ್ದು ನೂರ ಎಂಬತ್ತಾರು. ಮೀನು ಎಲ್ಲಿಗೂ ಹೋಗಿರಲಿಲ್ಲ, ದಪ್ಪ ರಬ್ಬರಿನೊಳಗೆ ಆ ತಣ್ಣನೆ ಸ್ಪರ್ಶ ತಿಳಿಯುತ್ತಿರಲಿಲ್ಲ ಅಷ್ಟೆ. ಮೇಡಂ ಓಡಿ ಬಂದು, ವಿಶೇಷ ಅನುಮತಿ ಪಡೆದು ಮೂರೇ ಮೂರು ಬಿಲ ಅಗೆಸಿದರು. ಮೂರರಲ್ಲೂ ಮೀನಿತ್ತು. "ಇಷ್ಟು ಓದಿ ನನಗೂ ಹೊಳೀಲಿಲ್ಲವಲ್ಲ," ಎಂದು ಅವರೇ ತಲೆ ಚಚ್ಚಿಕೊಂಡರಂತೆ. ಬಯಲು ಉಳಿಯಿತು. ಕೇಳುತ್ತ ಕೂತ ನನಗೂ ಎದೆ ಹಗುರಾಯಿತು. ಯಂತ್ರದ ಪಕ್ಕದ ಎರಡು ಚೌಕಗಳಲ್ಲಿ ಮಾತ್ರ ಮೀನು ನಿಜಕ್ಕೂ ಕಡಿಮೆ. ಅದನ್ನೂ ಕೆಸರಕ್ಕ ಇದ್ದದ್ದು ಇದ್ದ ಹಾಗೆಯೇ ಕೂಗುತ್ತಾರೆ.

ಈ ಸಲದ ವರದಿಯಲ್ಲಿ 'ಬಳಸಿದ ಉಪಕರಣ' ಎಂಬಲ್ಲಿ ಮೇಡಂ 'ಬರಿಗಾಲು' ಎಂದು ಬರೆದಿದ್ದಾರೆ. ಮೇಲಿನ ಕಚೇರಿಯವರು ಎಲ್ಲ ಉಪಕರಣಕ್ಕೂ ಕೇಳುವಂತೆ ಇದಕ್ಕೂ ಪತ್ರ ಬರೆದು ಕೇಳಿದ್ದಾರೆ: ಎಷ್ಟಿವೆ, ಸುಸ್ಥಿತಿಯಲ್ಲಿವೆಯೇ, ಬದಲಾಯಿಸಬೇಕೇ?

ಏನು ಉತ್ತರ ಕೊಡೋಣ ಎಂದು ಗುಮಾಸ್ತರು ದಡದಿಂದಲೇ ಕೂಗಿ ಕೇಳುತ್ತಾರೆ. ಕೆಸರಕ್ಕ ತಲೆ ಎತ್ತುವುದಿಲ್ಲ.

"ಎರಡಿವೆ, ಎರಡೂ ಚೆನ್ನಾಗಿ ಕೆಲ್ಸ ಮಾಡ್ತಿವೆ, ಸದ್ಯಕ್ಕೆ ಬದಲಾಯಿಸೋದು ಬೇಡ ಅಂತ ಬರೀರಿ."