ಎರಡನೇ ಅಳತೆಗೆ ಕಾದ ಹಲ್ಲು

ಎಡ ದವಡೆಯೋ ಬಲ ದವಡೆಯೋ, ಶರಣಮ್ಮ ಯಾವುದನ್ನು ಒತ್ತಿ ಹಿಡಿದಿದ್ದರು ಎಂಬುದರಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಸೆರಗಿಗೆ ರಕ್ತ ಹತ್ತಿದ್ದಂತೂ ನಿಜ. ಮರ್ಫಿ ಟೌನಿನಲ್ಲಿ ನಮ್ಮ ಪಕ್ಕದ ಬಾಡಿಗೆ ಕೋಣೆಯಲ್ಲಿರುವ, ಯಾದಗಿರಿ ಕಡೆಯವರಾದ ಅವರು ನಲ್ಲಿಯ ಹತ್ತಿರ ಬಗ್ಗಿ ರಕ್ತ ಉಗುಳುತ್ತಿದ್ದರು. ಹಲಸೂರಿನ ದಂತವೈದ್ಯರ ಹತ್ತಿರ ಈಗಲೇ ಹೋಗೋಣ ಎಂದೆ.

“ಬ್ಯಾಡ್ರೀ ಅಕ್ಕಾ. ವಸಡಿನ ರೋಗದ ಸಂಶೋಧನೆ ಅಂತ ಬಂದವರು ಕಡ್ಡಿ ಹಾಕಿ ಅಳದು ಹೋಗ್ಯಾರ. ಎರಡನೇ ಸಲ ಅಳಿಯೋತನಕ ಹಲ್ಲಿಗೆ ಏನೂ ಮಾಡಿಸಬ್ಯಾಡ ಅಂದಾರ. ಹೂಂ ಅಂದೀನಲ್ರೀ, ಮಾತು ತಪ್ಪಲೇನು?”

ಅದು ಯುಗಾದಿಗೆ ಮುಂಚೆ ಕೊಟ್ಟ ಮಾತು. ಈಗ ದಸರೆ ಹತ್ತಿರ ಬಂದಿತ್ತು. ಸಂಶೋಧನೆಯವರು ಕೊಟ್ಟಿದ್ದ, ಶರಣಮ್ಮ ಜೋಪಾನ ಮಾಡಿಟ್ಟಿದ್ದ ಚೀಟಿಯ ನಂಬರಿಗೆ ಫೋನ್ ಮಾಡಿದೆ.

“ಆ ಸ್ಟಡಿ ನಿಂತು ತುಂಬಾ ದಿನ ಆಯ್ತಲ್ಲ ಮೇಡಂ. ಅವ್ರಿಗೆ ಯಾರೂ ಹೇಳ್ಲಿಲ್ವಾ?”

ನನ್ನನ್ನೇ ಕೇಳುತ್ತಾರೆ! ಹಲ್ಲಿನಿಂದ ವಸಡು ಎಷ್ಟು ಮಿಲಿಮೀಟರ್ ಬಿಟ್ಟುಕೊಂಡಿದೆ ಎಂದು ಬರೆದುಕೊಳ್ಳಲು ಮನೆಬಾಗಿಲಿಗೆ ಬಂದವರಿಗೆ, ಇನ್ನು ಕಾಯಬೇಡಿ ಎಂದು ಒಂದು ಫೋನ್ ಮಾಡಲು ಬಿಡುವಾಗಲಿಲ್ಲ. ಉಳಿದವರಿಗಾದರೂ ಇವತ್ತೇ ತಿಳಿಸಿ ಎಂದು ರೇಗಿದೆ. “ನೋಡ್ತೀವಿ ಮೇಡಂ” ಎಂದು ಫೋನ್ ಇಟ್ಟರು.

ಅಂದು ಸಂಜೆ ದಂತವೈದ್ಯರು ಶರಣಮ್ಮನ ಎರಡು ಹಲ್ಲು ಕಿತ್ತರು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು.

ಆ ಸಂಶೋಧನೆಯವರ ಪಟ್ಟಿಯಲ್ಲಿ ಇನ್ನೂ ಎಷ್ಟು ಜನರಿದ್ದಾರೆ, ಅವರಲ್ಲಿ ಯಾರು ಮಾತಿಗೆ ಕಟ್ಟುಬಿದ್ದು ನೋವು ನುಂಗುತ್ತಿದ್ದಾರೆ, ಅವರಿಗೆ ಯಾರಾದರೂ ಹೇಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ.