ಕರೆಂಟ್ ಬಿಲ್ ಕಡಿಮೆ ಬಂದ ಮನೆ

'ಈ ಮನೆಯಲ್ಲಿ ಯಾರೂ ವಾಸವಿಲ್ಲವೆಂಬ ಅನುಮಾನವಿದೆ.' ಫ್ಲೋರಿಡಾದ ನಮ್ಮ ಮನೆಗೆ ತೆರಿಗೆ ಕಚೇರಿಯಿಂದ ಬಂದ ಈ ಪತ್ರವನ್ನು ಅದೇ ಮನೆಯ ಅಡುಗೆಮನೆಯಲ್ಲಿ ನಿಂತು ಎರಡು ಸಲ ಓದಿದೆ. ಇಲ್ಲದವಳಿಗೆ ಕಾಗದ ಬರೆದಿದ್ದಾರಲ್ಲ ಎಂದು ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು.

ಇಲ್ಲಿ 'ಹೋಮ್‌ಸ್ಟೆಡ್' ಎಂಬುದೊಂದಿದೆ. ಇದೇ ನಾವು ಕಾಯಂ ವಾಸಿಸುವ ಮನೆ ಎಂದು ಸಾಬೀತು ಮಾಡಿದರೆ ಮನೆತೆರಿಗೆಯಲ್ಲಿ ರಿಯಾಯಿತಿ. ಅದು ತಪ್ಪಿದರೆ ನರ್ಸ್ ಆದ ನಾನೂ ಟ್ರಕ್ ಓಡಿಸುವ ನನ್ನ ಗಂಡನೂ ಸೇರಿ ದುಡಿದರೂ ಈ ಮನೆ ಉಳಿಸಿಕೊಳ್ಳುವುದು ಕಷ್ಟ. ನಮ್ಮೂರು ರಾಯಬಾಗದಲ್ಲಿ ತೆರಿಗೆ ಕಟ್ಟಿದರೆ ಮುಗಿಯಿತು, ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಊರಲ್ಲೊಂದು, ತೋಟದಲ್ಲೊಂದು ಮನೆ ಇಟ್ಟುಕೊಂಡ ನಮ್ಮ ಜನ ಏನೆಂದು ಹೇಳಿಯಾರು?

ಅನುಮಾನ ಹುಟ್ಟಿಸಿದ್ದು ನಮ್ಮ ಕರೆಂಟ್ ಬಿಲ್. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ. ನಸುಕಿನ ಡ್ಯೂಟಿಯಿರುವುದರಿಂದ ಬೇಗ ನಿದ್ದೆ. ಬಟ್ಟೆ ಒಣಗುವುದು ಹಿತ್ತಲ ಹಗ್ಗದ ಮೇಲೆ. ಊರಲ್ಲಿ ಅವ್ವ ಇದನ್ನೇ ಅಚ್ಚುಕಟ್ಟಾದ ಸಂಸಾರ ಎನ್ನುತ್ತಿದ್ದಳು. ಇಲ್ಲಿ ಇದು ಪಾಳುಮನೆಯ ಲಕ್ಷಣ!

"ಇವತ್ತಿಂದ ಎಲ್ಲಾ ಲೈಟ್ ಹಚ್ಚಿ ಇಡೂಣೇನ?" ಎಂದರು ಗಂಡ.

"ನಾವು ಇರೂದ ಹಿಂಗ. ಸುಳ್ಳ ಯಾಕ ತೋರ್ಸೂದ್ರಿ?" ಎಂದೆ.

ಒಂದು ಸಂಜೆ ಕಚೇರಿಯ ಹೆಂಗಸೊಬ್ಬರು ತಪಾಸಣೆಗೆ ಬಂದರು. ಆಗಲೇ ಊಟಕ್ಕೆ ಕೂತಿದ್ದೆವು. ಹಿತ್ತಲ ಬಟ್ಟೆ, ಕರಿಬೇವಿನ ಗಿಡ, ಇನ್ನೂ ಬಿಸಿಯಿದ್ದ ರೊಟ್ಟಿ ಹಂಚು, ಎಲ್ಲ ನೋಡಿದರು. "ದೀಪವಿಲ್ಲದೆ ಊಟವೇ?" ಎಂದು ಕೇಳಿದರು. ಕಿಟಕಿಯಾಚೆಗಿನ ಸೂರ್ಯನನ್ನು ತೋರಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಖಾರಕ್ಕೆ ಕೆಮ್ಮಿ, ನೀರು ಕುಡಿದು, ಇನ್ನೊಂದು ತುತ್ತು ತಿಂದರು. 'ವಾಸವಿದ್ದಾರೆ' ಎಂದು ಬರೆದುಕೊಂಡರು. ನನ್ನ ಕಣ್ಣು ತುಂಬಿತು. ಕೊನೆಗೆ, ಜಗತ್ತಿನ ಬೇರೆಲ್ಲೂ ನನಗೆ ಕಾಯಂ ಮನೆ ಇಲ್ಲವೆಂಬ ಕಾಗದ ಮುಂದಿಟ್ಟರು. ಸಹಿ ಹಾಕಿದೆ.

ಅವರು ಹೋದ ಮೇಲೆ ರಾಯಬಾಗಕ್ಕೆ, ಅಣ್ಣನ ಹೆಂಡತಿಗೆ ಫೋನ್ ಮಾಡಿದೆ. "ವೈನಿ, ನಾವು ಇಲ್ಲೇ ಇರ್ತೀವಿ ಅಂತ ಕಡೀಕೂ ಬರಕೊಂಡ ಹೋದ್ರು ನೋಡ್ರಿ."

ವೈನಿ ಬಹಳ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: "ನಾ ಇಲ್ಲಿ ನಿನ್ನ ಖೋಲ್ಯಾಗ ದಿನಾ ಸಂಜೀಕ ಲೈಟ್ ಹಚ್ಚತೇನಿ. ಕತ್ತಲ ಬಿಡಾಕ ಮನಸ ಬರೂದಿಲ್ಲ. ಇನ್ನ ಬ್ಯಾಡೇನ ಹಂಗಾರ..."

"ಆರಸಬ್ಯಾಡ್ರಿ ವೈನಿ," ಎಂದೆ, ಅವರ ಮಾತು ಮುಗಿಯುವ ಮೊದಲೇ.